ಟೀ ಪುಡಿ ಅಂಗಡಿಯವರ ಮೂಗು

ನಮ್ಮ ಮನೆಯಲ್ಲಿ ಬೆಳಿಗ್ಗೆ ಊದುಬತ್ತಿ ಹಚ್ಚುವುದು ಟೀ ರುಚಿ ನೋಡಿ ಮುಗಿದ ಮೇಲೆ. ಒಗ್ಗರಣೆ ಅದಕ್ಕೂ ಆಮೇಲೆ. ಮದುವೆಯಾಗಿ ತುಮಕೂರಿಗೆ ಬಂದ ಹೊಸದರಲ್ಲಿ ಇದು ಗೊತ್ತಿಲ್ಲದೆ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆಗೆ, ಬೇಗ ಎದ್ದು ಸ್ನಾನ ಮಾಡಿ ದೇವರ ಮುಂದೆ ಊದುಬತ್ತಿ ಹಚ್ಚಿಬಿಟ್ಟಿದ್ದೆ. ನಮ್ಮನೆಯವರು ಅಡುಗೆಮನೆಯಿಂದ ಓಡಿಬಂದು ಅದನ್ನು ಕಿತ್ತುಕೊಂಡು ಹಿತ್ತಲಿಗೆ ಹೋದರು. "ಇವ್ನಿಗೆ ದೇವ್ರಿಗಿಂತ ಟೀನೇ ದೊಡ್ಡದು ಕಣಮ್ಮ, ನೀನು ಬೇಜಾರ್ ಮಾಡ್ಕೋಬೇಡ" ಎಂದು ಅತ್ತೆ ನಕ್ಕಿದ್ದರು. ಅತ್ತೆ ಈಗಿಲ್ಲ. ಅವರು ಹೋದ ಮೇಲೂ ದೇವರು ಕಾಯುವುದು ತಪ್ಪಲಿಲ್ಲ.

ನಮ್ಮದು ಲೂಸ್ ಟೀ ಪುಡಿಯ ಅಂಗಡಿ, ಮಂಡಿಪೇಟೆಯ ಒಂದು ಸಂದಿಯಲ್ಲಿ. ಮೂಟೆಯಲ್ಲಿ ಬರುವ ಎಲೆ, ಹರಳಿನಂಥ ಗುಂಡು ಪುಡಿ, ನುಣ್ಣನೆಯ ಪುಡಿ ಇವನ್ನೆಲ್ಲ ಬೆರೆಸಿ ಹೋಟೆಲುಗಳಿಗೆ ಕೊಡುವುದು ಕಸುಬು. ಅಂಗಡಿಯ ಒಂದು ಪಕ್ಕ ಒಣಮೆಣಸಿನಕಾಯಿ, ಇನ್ನೊಂದು ಪಕ್ಕ ಬೆಲ್ಲ. ಅಲ್ಲಿ ನಿಂತು ಟೀ ಮೂಸಿದರೆ ಸೀನು ಬರುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ. ಅದಕ್ಕೇ ಬೆರಕೆಯ ಅಳತೆ ಗೊತ್ತುಮಾಡುವ ಕೆಲಸ ನನ್ನ ಅಡುಗೆಮನೆಗೆ ಬಂತು.

ಒಲೆಕಟ್ಟೆಯ ಕೆಳಗೆ ಬೇರೆಯವರ ಮನೆಯಲ್ಲಿ ಎಣ್ಣೆ ಡಬ್ಬ, ಈರುಳ್ಳಿ ಬುಟ್ಟಿ ಇರುತ್ತವೆ. ನಮ್ಮಲ್ಲಿ ನೀರಿನ ಕ್ಯಾನುಗಳು. ಒಂದರಲ್ಲಿ ಗುಬ್ಬಿಯ ಹೋಟೆಲಿನ ಬೋರ್ ನೀರು, ಒಂದರಲ್ಲಿ ಕುಣಿಗಲ್ ಹೋಟೆಲಿನ ನೀರು. ಪುಡಿ ಕೊಡಲು ಹೋದಾಗಲೆಲ್ಲ ಇವರು ಆಯಾ ಹೋಟೆಲಿನ ನೀರು ತುಂಬಿಸಿಕೊಂಡು ಬರುತ್ತಿದ್ದರು. ಗುಬ್ಬಿಯದು ಗಡಸು ನೀರು. ನೀಲಗಿರಿ ಎಲೆಯ ಘಮ ಅದರಲ್ಲಿ ಏಳುವುದೇ ಇಲ್ಲ, ಅಸ್ಸಾಮಿನ ಹರಳು ಜಾಸ್ತಿ ಬೇಕು. ಅದೇ ಬೆರಕೆಯನ್ನು ಕುಣಿಗಲ್ಲಿನ ಸಿಹಿನೀರಿಗೆ ಹಾಕಿದರೆ ಕಷಾಯ. "ಕಾಲು ನೋಡ್ದೆ ಚಪ್ಪಲಿ ಕೊಡಕ್ಕಾಗುತ್ತೇನೇ?" ಎನ್ನುತ್ತಿದ್ದರು, ಅವರು ಕ್ಯಾನು ಹೊತ್ತು ಬಂದಾಗ ನಾನು ಗೊಣಗಿದರೆ.

ಮುಚ್ಚಳದ ಪಾತ್ರೆಯಲ್ಲಿ ಎಲೆ ಹಾಕಿ, ಮೇಲೆ ಕುದಿಯುವ ನೀರು ಸುರಿದು, ಎಲೆ ಬಿಚ್ಚಿಕೊಳ್ಳುವ ತನಕ ಮುಚ್ಚಿಟ್ಟು, ಲೋಟಕ್ಕೆ ಸೋಸಿ ಮುಂದಿಡುವುದು ನನ್ನ ಕೆಲಸ. ಅವರು ಮೊದಲು ನೆಂದ ಎಲೆಯನ್ನೇ ಮೂಸುತ್ತಿದ್ದರು. ಆಮೇಲೆ ಒಂದು ಗುಟುಕನ್ನು ಸುರ್ರೆಂದು ಗಾಳಿ ಸಮೇತ ಎಳೆದು, ಬಾಯಲ್ಲಿ ಆಡಿಸಿ, ಸಿಂಕಿಗೆ ಉಗಿಯುತ್ತಿದ್ದರು. ಹಾಲು ಹಾಕಿದ ಮೇಲೆ ಇನ್ನೊಂದು ಸಲ. ಆ ಸುರ್ರು ಕೇಳಿದರೆ ಪಕ್ಕದ ಮನೆಯವರಿಗೆ ಬೆಳಗಾಯಿತೆಂದು ಅರ್ಥ. ಒಂದು ಗುಟುಕಿನಲ್ಲಿ ಈ ಎಲೆ ದಾರಿಯಲ್ಲಿ ಮಳೆಗೆ ಸಿಕ್ಕಿದೆ, ಇದು ಹೋದ ವರ್ಷದ್ದು, ಇದನ್ನು ಸೋಪಿನ ಲಾರಿಯಲ್ಲಿ ತಂದಿದ್ದಾರೆ ಎಂದೆಲ್ಲ ಹೇಳಿಬಿಡುತ್ತಿದ್ದರು. ಬೇರೆ ಅಂಗಡಿಗೆ ತಕ್ಕಡಿ ಹೇಗೋ ನಮಗೆ ಆ ಮೂಗು.

ಅಂತರಸನಹಳ್ಳಿಯ ಒಂದು ಕ್ಯಾಂಟೀನಿಗೆ ಪುಡಿ ಕೊಟ್ಟು ಬರುವಾಗ, ಮಳೆ ನಿಂತ ರಸ್ತೆಯಲ್ಲಿ ಸ್ಕೂಟರ್ ಜಾರಿ ಹಿಂದಕ್ಕೆ ಬಿದ್ದರು. ತಲೆಯ ಹಿಂಭಾಗಕ್ಕೆ ಹೊಲಿಗೆ ಬಿತ್ತು. ಸ್ಕ್ಯಾನ್ ಮಾಡಿದವರು ಭಯಪಡುವಂಥದ್ದೇನಿಲ್ಲ ಎಂದರು. ಆಸ್ಪತ್ರೆಯಲ್ಲಿ ಕೊಟ್ಟ ಊಟ ಸಪ್ಪೆ ಎಂದು ಅವರು ಬೈದಾಗ, ಆಸ್ಪತ್ರೆಯ ಊಟ ಇನ್ನು ಹೇಗಿರುತ್ತದೆ ಎಂದು ನಾನೂ ಸುಮ್ಮನಾದೆ.

ಮನೆಗೆ ಬಂದ ಮಾರನೇ ಬೆಳಿಗ್ಗೆ, ನಮಗೆಂದೇ ತೆಗೆದಿಟ್ಟುಕೊಂಡಿದ್ದ ಡಾರ್ಜಿಲಿಂಗ್ ಎಲೆಯ ಡಬ್ಬ ತೆಗೆದೆ. ಅದನ್ನು ಮಾರುವುದಿಲ್ಲ. ತುಮಕೂರಿನಲ್ಲಿ ಹಾಲಿಲ್ಲದ ಟೀ ಕೊಳ್ಳುವವರು ಕಡಿಮೆ, ಅದು ಅವರೊಬ್ಬರ ಖುಷಿಗೆ. ನಾಜೂಕಿನ ಎಲೆ ನೋಡಿ, ಅದಕ್ಕೆ ನೀರು ಕೊತಕೊತ ಕುದಿಯಬಾರದು, ಕುದಿ ಇಳಿದ ಮೇಲೆ ಸುರಿಯಬೇಕು. ಹಾಗೇ ಮಾಡಿ ಕೊಟ್ಟೆ.

"ಬಿಸಿನೀರು ಕೊಟ್ಟಿದೀಯಲ್ಲೇ, ಎಲೆ ಹಾಕೋದು ಮರ್ತ್ಯಾ?" ಎಂದರು.

ನಾನು ಬಗ್ಗಿ ಲೋಟ ನೋಡಿದೆ. ಜೇನಿನ ಬಣ್ಣ. ಅವರೂ ನೋಡಿದರು. ಲೋಟ ಕೆಳಗಿಟ್ಟು ಎದ್ದು ಅಡುಗೆಮನೆಗೆ ಹೋದರು. ಟೀ ಡಬ್ಬಗಳನ್ನೆಲ್ಲ ಒಂದೊಂದಾಗಿ ತೆಗೆದು ಮೂಗು ಇಟ್ಟರು. ಆಮೇಲೆ ಇಂಗಿನ ಡಬ್ಬಿ. ಆಮೇಲೆ ಕಾಫಿಪುಡಿ. ಬಚ್ಚಲಿಗೆ ಹೋಗಿ ಫಿನಾಯಿಲ್ ಬಾಟಲಿ ತಂದರು. ನಾನು ಹೋಗಿ ನೋಡುವ ಹೊತ್ತಿಗೆ ತೆರೆದ ಡಬ್ಬಗಳ ನಡುವೆ ನೆಲದ ಮೇಲೆ ಕೂತಿದ್ದರು. ಮೂಗಿನ ತುದಿಗೆ ಕಾಫಿಪುಡಿ ಅಂಟಿಕೊಂಡಿತ್ತು.

"ಒಂದೂ ಇಲ್ಲ ಕಣೇ," ಎಂದರು. "ಇಂಗೂ ಇಲ್ಲ."

ಮೂಗಿನ ಡಾಕ್ಟರು ಸಮಾಧಾನವಾಗಿಯೇ ಮಾತಾಡಿದರು. ಬಿದ್ದ ಏಟಿಗೆ ವಾಸನೆಯ ನರ ನಲುಗಿದೆ, ನಾಲಿಗೆಗೆ ಸಿಹಿ, ಹುಳಿ, ಕಹಿ, ಒಗರು ಉಳಿದಿರುತ್ತವೆ, ಬಾಕಿಯದೆಲ್ಲ ಮೂಗಿನ ಕೆಲಸ ಎಂದರು. "ಬರಬಹುದು, ಬರದೇನೂ ಇರಬಹುದು. ದಿನಾ ಗೊತ್ತಿರೋ ವಾಸನೆಗಳನ್ನೇ ಮನಸ್ಸಿಟ್ಟು ಮೂಸ್ತಾ ಇರಿ. ವರ್ಷ ಕಳೆದ ಮೇಲೆ ಬರೋದು ಕಷ್ಟ."

"ಸಾರ್, ನಾನು ಟೀ ವ್ಯಾಪಾರದವನು," ಎಂದರು ಇವರು. ಅದನ್ನು ಹೇಳಿದರೆ ಡಾಕ್ಟರು ಬೇರೆ ಔಷಧಿ ತೆಗೆದುಕೊಡುತ್ತಾರೇನೋ ಎಂಬಂತೆ.

ಹೊರಗೆ ಬಂದ ಕೂಡಲೇ ನನ್ನ ಕೈ ಹಿಡಿದು, "ಯಾರ್ಗೂ ಹೇಳ್ಬೇಡ," ಎಂದರು. ರಸ್ತೆಯಲ್ಲಿ ಕೈ ಹಿಡಿಯುವ ಮನುಷ್ಯ ಅಲ್ಲ ಅವರು.

ಅಲ್ಲಿಂದ ನಮ್ಮ ಬೆಳಗುಗಳು ಬದಲಾದವು. ಹಳೆಯ ಅಳತೆಯಲ್ಲೇ ಬೆರೆಸಿ, ಮನೆಯಲ್ಲಿ ನಾನು ಕುಡಿದು ನೋಡಿ, ಪರವಾಗಿಲ್ಲ ಎಂದ ಮೇಲೆ ಹೋಟೆಲಿಗೆ ಕಳಿಸುತ್ತಿದ್ದೆವು. ನನಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದಷ್ಟೇ ಗೊತ್ತು. ಅಷ್ಟಾದ ಮೇಲೆ ಅವರ ಅಭ್ಯಾಸ. ಡಾಕ್ಟರು ಲವಂಗ, ನಿಂಬೆಹಣ್ಣು ಎಂದೇನೋ ಹೇಳಿದ್ದರು. ಇವರು ಟೀಯೇ ಆಗಬೇಕೆಂದು ಹಟ ಹಿಡಿದರು. ಅಸ್ಸಾಂ, ನೀಲಗಿರಿ, ಡಾರ್ಜಿಲಿಂಗ್, ಹಸಿರೆಲೆಯ ಟೀ. ನಾಲ್ಕನ್ನೂ ಕಾಯಿಸಿ, ನಾಲ್ಕು ಸ್ಟೀಲ್ ಲೋಟಕ್ಕೆ ಸೋಸಿ, ಒಂದೊಂದಾಗಿ ಕೈಗೆ ಕೊಡುತ್ತಿದ್ದೆ. ಬಣ್ಣ ಕಾಣಬಾರದೆಂದು ಅವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕೊಡುವ ಸರದಿಯನ್ನು ದಿನಾ ಬದಲಿಸುತ್ತಿದ್ದೆ. ಮೂಸುತ್ತಿದ್ದರು, ಸುರ್ರೆಂದು ಎಳೆಯುತ್ತಿದ್ದರು, ಕಾಯುತ್ತಿದ್ದರು. ಆಮೇಲೆ ತಲೆ ಆಡಿಸಿ ಲೋಟ ವಾಪಸು ಕೊಡುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಸಿಂಕಿನ ಕಡೆ ತಿರುಗಿ ಪಾತ್ರೆ ತೊಳೆಯುತ್ತಿದ್ದೆ. ಪಾತ್ರೆ ತೊಳೆದಾಗಿದ್ದರೂ ತೊಳೆಯುತ್ತಿದ್ದೆ.

ಮಳೆಗಾಲ ಹೋಯಿತು. ಚಳಿ ಬಂತು. ಊಟಕ್ಕೆ ಕೂತರೆ ಸಾರಿಗೆ ಉಪ್ಪಿನಕಾಯಿ ಕಲಸಿಕೊಂಡು, ಖಾರವಾದರೂ ತಿಳಿಯಲಿ ಎಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುತ್ತಿದ್ದರು. ಒಂದು ದಿನ ಹಾಲು ಉಕ್ಕಿ ಸೀದು ಮನೆಯೆಲ್ಲ ಹೊಗೆ ತುಂಬಿದ್ದಾಗ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ನಾನು ಕೂಗಿದ ಮೇಲೆ ಎದ್ದು, ಒಲೆಯ ಕಡೆ ಬರದೆ, ಬಾಗಿಲಲ್ಲೇ ನಿಂತು ಜೋರಾಗಿ ಉಸಿರು ಎಳೆದುಕೊಂಡರು. ಸೀದ ವಾಸನೆಯಾದರೂ ಬರಲಿ ಎಂದು. ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಲೋಟ ಕೈಗೆ ಕೊಟ್ಟ ಕೂಡಲೇ, "ನೀಲಗಿರಿ," ಎಂದರು.

ಹೌದು, ನೀಲಗಿರಿಯೇ.

"ಬಂತು ಕಣೇ. ಸಣ್ಣಗೆ. ದೂರದಲ್ಲಿ ಯಾರೋ ಮಾತಾಡ್ದಂಗೆ." ಮಾರನೇ ದಿನ ಅಸ್ಸಾಮನ್ನೂ ಹೇಳಿದರು. ಆಮೇಲಾಮೇಲೆ ಒಂದೂ ತಪ್ಪುತ್ತಿರಲಿಲ್ಲ. ಬರೀ ಟೀಗೆ ಮಾತ್ರ ಬಂದಿದೆ, ಇಂಗಿಗೆ ಇನ್ನೂ ಬಂದಿಲ್ಲ ಎಂದರೆ, "ಅಭ್ಯಾಸ ಮಾಡಿದ್ದು ಟೀನೇ ತಾನೇ, ಮೊದ್ಲು ಅದೇ ಬರುತ್ತೆ," ಎನ್ನುತ್ತಿದ್ದರು. ನನಗೂ ಅದು ಸರಿ ಎನ್ನಿಸಿತು. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ನಾನು ಕುಡಿದು ನೋಡುವುದು ನಿಂತಿತು. ಅವರು ಅಂಗಡಿಯಲ್ಲಿ ತಾವೇ ಬೆರೆಸಿ, ತಾವೇ ಕಳಿಸತೊಡಗಿದರು. ನಡಿಗೆಯೇ ಬದಲಾಯಿತು.

ಆ ದಿನಗಳಲ್ಲೇ ಗುಬ್ಬಿಯಿಂದ ಇವರ ಅಕ್ಕ ಬಂದರು. ಅವರದು ಅಲ್ಲಿ ತೆಂಗಿನ ತೋಟ. ಕೊಬ್ಬರಿ ಮಾರುವುದಿತ್ತು. ರೇಟು ಏರುವ ತನಕ ಒಂದೆರಡು ಚೀಲ ತಮ್ಮನ ಅಂಗಡಿಯಲ್ಲಿ ಇರಲಿ ಎಂದು ಮುಂಚೆಯೇ ಕಳಿಸಿ, ಆಮೇಲೆ ತಾವು ಬಂದಿದ್ದರು. ಅವರು ಕಾಫಿಯವರು. ಟೀ ಕಂಡರೆ ಮೂಗು ಮುರಿಯುತ್ತಾರೆ. ತಮ್ಮನಿಗೆ ವಾಸನೆ ಹೋದದ್ದು ಮನೆಯವರ ಪೈಕಿ ಅವರೊಬ್ಬರಿಗೆ ಗೊತ್ತಿತ್ತು.

ಬೆಳಿಗ್ಗೆ ನಾನು ನಾಲ್ಕು ಎಲೆಯನ್ನೂ ನೆನೆಹಾಕಿದ್ದೆ. ಬಾಗಿಲಲ್ಲಿ ಹಾಲಿನವನು ಕೂಗಿದ. "ನೀನೋಗು, ನಾನು ಸೋಸ್ತೀನಿ," ಎಂದು ಅಕ್ಕ ಕೂತರು. ನಾನು ಹಾಲು ಹಾಕಿಸಿಕೊಂಡು ಬರುವಷ್ಟರಲ್ಲಿ ಸೋಸಿಯಾಗಿತ್ತು. ಇವರು ಕಣ್ಣು ಮುಚ್ಚಿ ಕೈ ಚಾಚಿದರು. ಅಕ್ಕ ಒಂದು ಲೋಟ ಇಟ್ಟರು.

"ಡಾರ್ಜಿಲಿಂಗ್."

"ಊಂಹ್ಞೂಂ. ಇದು ಕರ‍್ರಗೈತೆ ಕಣೋ, ಅಸ್ಸಾಮೋ ಗಿಸ್ಸಾಮೋ."

"ಕೊಡು ಇನ್ನೊಂದು... ಇದು ಅಸ್ಸಾಂ."

ಅಕ್ಕ ನಕ್ಕರು. "ಏನ್ಲಾ ಇದು, ಹಸ್ರು ಎಲೆ ನೀರ್ನ ಅಸ್ಸಾಂ ಅಂತಿದೀಯಾ? ಇದಕ್ಕಾ ಇಷ್ಟ್ ಪೂಜೆ? ನನ್ ಕೈ ಕಾಫಿ ಕುಡ್ದಿದ್ರೆ ಇಷ್ಟೊತ್ತಿಗೆ ಮೂಗು ಬಿಚ್ಕೊಂಡಿರೋದು ಬುಡು."

"ಅಕ್ಕ, ಸುಮ್ಕಿರು. ಇನ್ನೊಂದು ಕೊಡು." ಅದನ್ನೂ ತಪ್ಪು ಹೇಳಿದರು. ನಾಲ್ಕನೆಯದನ್ನೂ.

ನಾನು ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದೆ. ಕಣ್ಣು ಲೋಟಗಳ ಮೇಲೆ ಹೋಯಿತು. ಕೈಗೆ ಸಿಕ್ಕಿದ ಲೋಟಕ್ಕೆ ಅಕ್ಕ ಸೋಸಿದ್ದರು. ನಾನು ಹಾಗೆ ಮಾಡುವವಳಲ್ಲ. ನನಗೆ ಎಲ್ಲಕ್ಕೂ ಒಂದು ಜಾಗ ಇರಬೇಕು. ತವರಿನವರು ಹೆಸರು ಕೊರೆಸಿ ಕೊಟ್ಟ ಲೋಟ ಡಾರ್ಜಿಲಿಂಗಿಗೆ, ಅಂಚು ನೆಗ್ಗಿದ್ದು ಅಸ್ಸಾಮಿಗೆ, ದಪ್ಪ ಕಂಠದ್ದು ನೀಲಗಿರಿಗೆ, ಯಾರದೋ ಗೃಹಪ್ರವೇಶದಲ್ಲಿ ಬಂದ ತೆಳುವಾದ ಲೋಟ ಹಸಿರೆಲೆಗೆ. ಸರದಿ ಬದಲಿಸುತ್ತಿದ್ದೆ, ಲೋಟ ಬದಲಿಸಿರಲಿಲ್ಲ. ಅದು ತಲೆಗೇ ಹೊಳೆದಿರಲಿಲ್ಲ. ಅವರ ಬೆರಳು ಲೋಟ ಓದುತ್ತಿತ್ತು.

ಅವರು ಕಣ್ಣು ಬಿಟ್ಟರು. ಮೊದಲು ಕೊಟ್ಟ ಲೋಟವನ್ನು ಮತ್ತೆ ಎತ್ತಿಕೊಂಡು ಅದರ ಮೇಲೆ ಕೊರೆಸಿದ್ದ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿಗೆ ಅವರಿಗೂ ತಿಳಿಯಿತು.

"ಮೋಸ ಮಾಡಿಲ್ಲ ಕಣೇ," ಎಂದರು ನನ್ನನ್ನು ನೋಡಿ. "ನಿಜವಾಗ್ಲೂ ಬಂದಂಗಿತ್ತು. ಘಮ್ಮಂತ ಬಂದಂಗೇ ಇತ್ತು."

ಅಕ್ಕನ ನಗು ಅಲ್ಲೇ ನಿಂತಿತು. ಏನಾಯಿತೆಂದು ನಾನು ಹೇಳಿದ ಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತರು. ಆಮೇಲೆ ಏನೋ ನೆನಪಾದವರಂತೆ, "ಹಂಗಾರೆ ನನ್ ಕೊಬ್ರಿ ಚೀಲ ಎಲ್ಲಿಟ್ಟಿದೀಯಾ?" ಎಂದು ತಮ್ಮನನ್ನು ಕೇಳಿದರು.

ಇವರು ಉತ್ತರ ಕೊಡುವ ಮೊದಲೇ ನನಗೆ ಉತ್ತರ ಗೊತ್ತಾಗಿತ್ತು. ನಮ್ಮ ಕಡೆ ತೆಂಗಿನ ನಡುವೆಯೇ ಬದುಕು, ಆದರೂ ನಮ್ಮ ಅಂಗಡಿಯೊಳಗೆ ಕೊಬ್ಬರಿಯ ಒಂದು ಚೂರೂ ಬರುವ ಹಾಗಿರಲಿಲ್ಲ. ಟೀ ಎಲೆ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಹೀರಿಕೊಂಡುಬಿಡುತ್ತದೆ. ಆ ನಿಯಮ ಮಾಡಿದವರೇ ಇವರು. ಚೀಲ ಬಂದ ದಿನ ಬಾಯಿ ಬಿಚ್ಚಿ ಮೂಸಿ ನೋಡಿ, ಚೆನ್ನಾಗಿ ಒಣಗಿದೆ, ವಾಸನೆಯೇ ಇಲ್ಲ ಎಂದು ಟೀ ಮೂಟೆಗಳ ಪಕ್ಕದಲ್ಲೇ ಇಡಿಸಿದ್ದರಂತೆ.

ಕುಣಿಗಲ್ಲಿನಿಂದ ಫೋನು ಬಂದದ್ದು ಅದೇ ದಿನ. ಹೋಟೆಲಿನವರು ಹೆಚ್ಚು ಹೇಳಲಿಲ್ಲ. "ಅಣ್ಣ, ಒಂದ್ಸಲ ಬಂದೋಗಿ," ಎಂದರಷ್ಟೇ. ಸ್ಕೂಟರ್ ಬೇಡವೆಂದು ನಾನೇ ಹಟ ಮಾಡಿ ಬಸ್ಸಿನಲ್ಲಿ ಜೊತೆಗೆ ಹೋದೆ. ಹೆಬ್ಬೂರು ದಾಟಿದ ಮೇಲೆ ಒಮ್ಮೆ, "ಅಲ್ಲಿ ನೀನು ಮೊದ್ಲು ಕುಡಿ," ಎಂದರು.

ಹೋಟೆಲಿನ ಬಾಗಿಲಲ್ಲೇ ನನಗೆ ತಿಳಿಯಿತು. ಹಾಲು ಕುದಿಯುವ ವಾಸನೆಯ ಜೊತೆಗೆ, ಹಳೆಯ ಕೊಬ್ಬರಿ ಎಣ್ಣೆಯ ಕಮಟು. ಒಳಗೆ ಯಾರೋ ಗಿರಾಕಿ ಲೋಟ ಎತ್ತಿ ಹಿಡಿದು ಕೂಗುತ್ತಿದ್ದ. "ಸ್ವಾಮಿ, ಇದು ಕುಡಿಯೋದಾ, ತಲೆಗ್ ಹಚ್ಕಳೋದಾ? ಹೇಳ್ಬುಡಿ, ಬಾಚಣಿಗೆ ತತ್ತೀನಿ." ಸುತ್ತ ಕೂತವರು ನಗುತ್ತಿದ್ದರು.

ಹೋಟೆಲಿನವರಿಗೆ ನಾಚಿಕೆಯಾಯಿತು. "ಏಯ್, ಸುಮ್ನೆ ಕುಂತ್ಕಳಯ್ಯ," ಎಂದು ಅವನನ್ನು ಗದರಿಸಿ, ನಮ್ಮನ್ನು ಒಳಗೆ ಕೂರಿಸಿದರು. "ಬನ್ನಿ ಅತ್ತಿಗೆ. ಅಣ್ಣ, ನಿಮ್ ಪುಡಿ ಬಗ್ಗೆ ಯಾವತ್ತಾದ್ರೂ ಚಕಾರ ಎತ್ತಿದೀನಾ? ಹೊಸ ಮೂಟೆ ಬಿಚ್ದಾಗಿಂದ ಹಿಂಗೆ. ನೀವೇ ಒಂದ್ ಕಿತ ಕುಡ್ದು ಹೇಳಿ."

ಎರಡು ಲೋಟ ಬಂತು. ನಾನು ಮೊದಲು ಕುಡಿಯಬೇಕೆಂಬ ಮಾತು ಅವರಿಗೆ ಮರೆತುಹೋಗಿತ್ತೋ ಏನೋ, ಅವರೇ ಎತ್ತಿ ಒಂದು ಗುಟುಕು ಎಳೆದರು. ಆಮೇಲೆ ನನ್ನ ಮುಖ ನೋಡಿದರು. ಜೀವಮಾನವೆಲ್ಲ ಟೀ ಹೇಗಿದೆಯೆಂದು ಊರಿಗೆ ಹೇಳಿದ ಮನುಷ್ಯ, ತನ್ನ ಬಾಯಲ್ಲಿರುವ ಟೀ ಹೇಗಿದೆಯೆಂದು ನನ್ನ ಮುಖದಲ್ಲಿ ಹುಡುಕುತ್ತಿದ್ದರು. ಮುಖ ಗಟ್ಟಿಯಾಗಿಟ್ಟುಕೊಳ್ಳಲು ನೋಡಿದೆ. ಆಗಲಿಲ್ಲ.

ಅವರು ಗುಟುಕು ನುಂಗಿದರು. ಉಗಿಯಲಿಲ್ಲ.

"ನನಗೆ ವಾಸನೆ ಬರಲ್ಲ ಕಣಪ್ಪ," ಎಂದರು. ಮೆಲ್ಲಗೆ ಹೇಳಬಹುದಿತ್ತು, ಎಲ್ಲರಿಗೂ ಕೇಳಿಸುವಂತೆ ಹೇಳಿದರು. "ಗಾಡಿಯಿಂದ ಬಿದ್ದಾಗಿಂದ ಬರ್ತಿಲ್ಲ. ಬರುತ್ತೆ ಅನ್ಕೊಂಡಿದ್ದೆ."

ಬಾಚಣಿಗೆಯ ಮಾತಾಡಿದವನು ಲೋಟ ಕೆಳಗಿಟ್ಟ. ಹೋಟೆಲಿನವರು ಹೆಗಲ ಮೇಲಿನ ಟವೆಲಿನಿಂದ ಮೇಜು ಒರೆಸಿದರು. ಕೊನೆಗೆ, "ಮೊದ್ಲೇ ಒಂದ್ ಮಾತ್ ಹೇಳ್ಬಾರ್ದಿತ್ತಾ ಅಣ್ಣ," ಎಂದರು. ಆಮೇಲೆ ನೆಲ ನೋಡುತ್ತಾ, "ವಾಸಿ ಆಗ್ಲಿ. ಅಲ್ಲೀಗಂಟ ಪ್ಯಾಕೆಟ್ ಪುಡಿ ತರಿಸ್ಕೊತೀನಿ. ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ಗಿರಾಕಿ ಕೈತಪ್ಪಿದ್ರೆ ವಾಪಸ್ ಬರಲ್ಲ." ಅವರದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಹೊರಡುವಾಗ, ಹಳೆಯ ಅಭ್ಯಾಸಕ್ಕೆ, ಒಂದು ಕ್ಯಾನು ನೀರು ತುಂಬಿಸಿ ಕೈಗೆ ಕೊಟ್ಟರು. ನಾವೂ ಹಳೆಯ ಅಭ್ಯಾಸಕ್ಕೆ ಇಸಿದುಕೊಂಡೆವು. ಬಸ್ಸಿನಲ್ಲಿ ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದಾಗ, ಯಾವುದಕ್ಕೆ ಈ ನೀರು ಎಂದು ಇಬ್ಬರೂ ಯೋಚಿಸುತ್ತಿದ್ದೆವು.

ಕೊಬ್ಬರಿಯ ವಾಸನೆ ಹಿಡಿದ ಮೂಟೆಗಳನ್ನೆಲ್ಲ ಹೊರಗೆ ಹಾಕಿಸಿದರು. ಅಕ್ಕ ಗುಬ್ಬಿಯಿಂದ ಫೋನು ಮಾಡಿ, "ನನ್ ಕೊಬ್ರಿಯಿಂದ ಹಿಂಗಾಯ್ತಲ್ಲೋ," ಎಂದು ಅತ್ತರೆ, "ನಿನ್ ಕೊಬ್ರಿ ಏನ್ ಮಾಡ್ತಕ್ಕ, ಚೆನ್ನಾಗೇ ಒಣಗಿತ್ತು," ಎಂದು ಇವರೇ ಸಮಾಧಾನ ಮಾಡಿದರು. ಸುದ್ದಿ ಹಬ್ಬಿ ಬೇರೆ ಹೋಟೆಲುಗಳೂ ಒಂದೊಂದಾಗಿ ಕೈಬಿಟ್ಟವು, ಗುಬ್ಬಿಯದು ಮಾತ್ರ ಉಳಿದಿದೆ. ವರ್ಷ ಕಳೆಯಿತು. ಡಾಕ್ಟರು ಈ ಸಲ ಅಭ್ಯಾಸದ ಮಾತು ಎತ್ತಲಿಲ್ಲ. ಗ್ಯಾಸ್ ಒಲೆಯ ಬಗ್ಗೆ ಎಚ್ಚರವಾಗಿರಿ, ಹಳಸಿದ್ದು ತಿನ್ನದ ಹಾಗೆ ನೋಡಿಕೊಳ್ಳಿ ಎಂದು ನನಗೆ ಹೇಳಿದರು. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳದೇ ಹೇಳಿದ ಹಾಗೆ.

ಈಗ ಬೆಳಿಗ್ಗೆ ನಾನು ಕುಡಿಯುತ್ತೇನೆ, ಅವರು ಎದುರಿಗೆ ಕೂತು ಕೇಳುತ್ತಾರೆ. ಗುಬ್ಬಿಯದೊಂದಾದರೂ ಕೈಬಿಡಬಾರದೆಂದು. ನಾನು ಸುರ್ರೆಂದು ಎಳೆಯುವುದನ್ನು ಕಲಿತೆ, ಮೊದಮೊದಲು ನೆತ್ತಿಗೇರಿ ಕೆಮ್ಮುತ್ತಿದ್ದೆ. "ಒಗರು," ಎನ್ನುತ್ತೇನೆ. "ಎಲ್ಲಿ ಒಗರು? ನಾಲಿಗೆ ಅಂಚಿಗಾ, ಗಂಟಲಿಗಾ? ತಕ್ಷಣ ಬಂತಾ, ಆಮೇಲಾ?" ನನಗೆ ತಿಳಿಯುವುದಿಲ್ಲ. ಅವರಿಗೆ ಸಿಟ್ಟು ಬರುತ್ತದೆ. ಎದ್ದು ಹಿತ್ತಲಿಗೆ ಹೋಗುತ್ತಾರೆ, ತಿರುಗಿ ಬರುತ್ತಾರೆ, "ಇನ್ನೊಂದ್ಸಲ ಕುಡ್ದು ಹೇಳು," ಎನ್ನುತ್ತಾರೆ.

ಮೊನ್ನೆ ಹೊಸ ಡಾರ್ಜಿಲಿಂಗ್ ಎಲೆ ಬಂದಿತ್ತು. ಮಾರುವುದಿಲ್ಲ, ಕುಡಿದರೆ ಅವರಿಗೆ ತಿಳಿಯುವುದೂ ಇಲ್ಲ, ಆದರೂ ತರಿಸಿದ್ದರು. ಕುದಿ ಇಳಿಸಿ ಸುರಿದೆ, ಸೋಸಿದೆ, ಮೂಸಿದೆ. ಈ ಸಲ ಚೆನ್ನಾಗಿ ಹೇಳಬೇಕೆಂದು ನಿಧಾನವಾಗಿ ಯೋಚಿಸಿ, "ಹಸಿಹುಲ್ಲು ಕುಯ್ದಾಗ ಬರುತ್ತಲ್ಲ, ಆ ವಾಸನೆ. ನಿಮ್ಮೂರು ಬೆಳ್ಳಾವಿಲಿ ಹೊಲದ ಬದುವಲ್ಲಿ ಮಾವ ದನಕ್ಕೆ ಕುಯ್ತಿದ್ರಲ್ಲ, ಹಂಗೇ ಇದೆ ರೀ," ಎಂದೆ. ಇಷ್ಟು ಸರಿಯಾಗಿ ಯಾವತ್ತೂ ಹೇಳಿರಲಿಲ್ಲ. ನನಗೇ ಖುಷಿಯಾಯಿತು.

ಅವರು ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದರು. ಹಣೆ ಗಂಟಾಯಿತು.

"ಬದು ಕಾಣುತ್ತೆ," ಎಂದರು. "ಕುಡುಗೋಲು ಕಾಣುತ್ತೆ. ಅಪ್ಪ ಕಾಣ್ತಾರೆ. ಹುಲ್ಲಿನ ವಾಸನೆ ಹೆಂಗಿತ್ತು ಅನ್ನೋದೇ ಮರ್ತೋಗ್ತಿದೆ ಕಣೇ. ಹೆಂಗಿರುತ್ತೆ ಅದು? ಹೇಳು."

ಹೇಳಲು ಬಾಯಿ ತೆರೆದೆ. ಲೋಟವನ್ನು ಇನ್ನೊಮ್ಮೆ ಮೂಗಿನ ಹತ್ತಿರ ತಂದು ಉಸಿರು ಎಳೆದುಕೊಂಡೆ. ನನಗೆ ಸ್ಪಷ್ಟವಾಗಿ ಬರುತ್ತಿತ್ತು, ಅಲ್ಲೇ ಇತ್ತು.

"ಹಸಿರು," ಎಂದೆ.

"ಅದು ಬಣ್ಣ ಕಣೇ," ಎಂದರು. ಸಿಟ್ಟಿನಲ್ಲಿ ಅಲ್ಲ. ಕಣ್ಣು ಮುಚ್ಚಿಕೊಂಡೇ, ನಾನು ಬೇರೆ ಮಾತು ಹುಡುಕುವುದನ್ನು ಕಾಯುತ್ತಾ ಕೂತರು.